ಟೈರ್ ಪಟ್ಟಣದ ಗೂಬೆಗಳು

ಕಾಕಾನ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ನಲವತ್ತು ವರ್ಷ ಆ ಕಣ್ಣಿಗೆ ಭೂತಗನ್ನಡಿ ಒತ್ತಿ ಹಿಡಿದದ್ದರಿಂದ ಸುತ್ತಲಿನ ಚರ್ಮ ಗುಂಡಗೆ ಮಡಿಚಿಕೊಂಡು, ಸುಮ್ಮನೆ ನಿಂತಾಗಲೂ ಅದು ಅರ್ಧ ಮುಚ್ಚಿರುತ್ತಿತ್ತು. ಈ ಪರದೇಶದಲ್ಲಿ, ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ಮೊದಲ ಸಲ ಎದುರಾದಾಗ, ಈ ಮುದುಕ ನನಗೆ ಕಣ್ಣು ಹೊಡೆಯುತ್ತಿದ್ದಾನೆ ಎಂದುಕೊಂಡು ಮುಖ ಸಿಂಡರಿಸಿ ಹೋಗಿದ್ದೆ. ಮುಂದೆ ಅದನ್ನು ಅವರ ಹೆಂಡತಿ ಕಾಕುಗೆ ಹೇಳಿದಾಗ ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

ಅವರು ನನಗೆ ಸಂಬಂಧಿಕರೇನಲ್ಲ, ಕೆಳಗಿನ ಮನೆಯವರು. ಗದಗದ ಕಡೆಯಿಂದ ಬಂದವರು. ಊರಲ್ಲಿ ತಗಡು ಒತ್ತುವ ಯಂತ್ರಗಳಿಗೆ ಅಚ್ಚು ಕೊರೆಯುತ್ತಿದ್ದರಂತೆ. ಇಲ್ಲಿ ವಿಮಾನದ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿನಲ್ಲೂ ಅದೇ ಕೆಲಸ. ನಿವೃತ್ತರಾದ ಮೇಲೆ ಅವರಿಗೆ ಹಿಡಿದ ಹುಚ್ಚು ಫಿನೀಶಿಯಾ ಎಂಬ ಪ್ರಾಚೀನ ನಾಡಿನ ಬೆಳ್ಳಿ ನಾಣ್ಯಗಳದು. ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಟೈರ್ ಎಂಬ ಕಡಲ ಪಟ್ಟಣದಲ್ಲಿ ಟಂಕಿಸಿದವು. ಒಂದು ಮುಖದಲ್ಲಿ ರೆಕ್ಕೆಯ ಕಡಲ್ಗುದುರೆ ಏರಿದ ದೇವರು, ಇನ್ನೊಂದರಲ್ಲಿ ಗೂಬೆ. ಕೊಳ್ಳುವ ತಾಕತ್ತು ಇರಲಿಲ್ಲ. ಹರಾಜಿನ ಪಟ್ಟಿಗಳಲ್ಲಿ ಬಂದ ಫೋಟೋಗಳನ್ನು ಮುದ್ರಿಸಿ, ಕತ್ತರಿಸಿ, ಶೂ ಡಬ್ಬಿಗಳಲ್ಲಿ ತುಂಬುತ್ತಿದ್ದರು. ಜಾಗ ಸಾಲದೆ ಗೋಡೆಗೂ ಅಂಟಿಸುತ್ತಿದ್ದರು.

“ಮನಿ ತುಂಬ ಗೂಬಿ ಹಚ್ಯಾರ. ಅರಿಷಿಣ ಕುಂಕುಮಕ್ಕ ಯಾರನ್ನ ಕರೀಲಿ ನಾ?” ಎಂದು ಕಾಕು ಗೊಣಗುತ್ತಿದ್ದರು. ಕಡೆಗೆ ಗೂಬೆಗಳನ್ನೆಲ್ಲ ಮನೆಯಿಂದ ಹೊರಗೆ ಹಾಕಿದರು. ಅಂದಿನಿಂದ ಮನೆ ಹತ್ತಿರದ ಮಾಲಿನಲ್ಲಿ, ನೆಲದ ಮೇಲಿನ ದೊಡ್ಡ ಚದುರಂಗದ ಪಕ್ಕದ ಮೇಜು ಕಾಕಾನದಾಯಿತು. ಒಂದು ಚಹಾ ತೆಗೆದುಕೊಂಡು ಮೂರು ತಾಸು ಕೂರುತ್ತಿದ್ದರು.

ಒಂದು ಶನಿವಾರ ನಾನೂ ಎದುರಿಗೆ ಕೂತೆ. ಇದನ್ನೆಲ್ಲ ಏಕೆ ನೋಡುತ್ತೀರಿ ಎಂದು ಕೇಳಿದೆ.

“ಆ ಊರಾಗ ಎಷ್ಟು ರೊಕ್ಕ ಹೊಡದಿದ್ರು ಅಂತ ತಿಳೀಬೇಕವಾ ತಂಗಿ. ಲೆಕ್ಕದ ಕಾಗದ ಒಂದೂ ಉಳಿದಿಲ್ಲ. ಆದ್ರ ಅಚ್ಚು ಕೈಲೆ ಕೊರದದ್ದು. ಒಂದರಾಗಿನ ಗೂಬಿ ಇನ್ನೊಂದರಾಗ ಇರೂದಿಲ್ಲ. ಯಾವ ನಾಣ್ಯ ಯಾವ ಅಚ್ಚಿನದು ಅಂತ ಬ್ಯಾರೆ ಮಾಡಿದ್ರ ಆತು. ಒಂದು ಅಚ್ಚು ಸವಿಯೂತನಕ ಎಷ್ಟು ರೊಕ್ಕ ಹೊಡೀತೈತಿ ಅನ್ನೂದು ಅಂದಾಜ ಐತಿ, ಅಚ್ಚು ಎಷ್ಟಿದ್ದೂ ಅಂತ ತಿಳಿದ್ರ ರೊಕ್ಕದ ಲೆಕ್ಕ ಸಿಗತೈತಿ.”

ಉಳಿದದ್ದನ್ನು ನನಗೆ ಅರ್ಥವಾಗುವ ಹಾಗೆ ಹೇಳಿದರು. “ಯುಗಾದಿ ಊಟದ ದಿನ ಹಾಲ್‌ನ ಬಾಗಲದಾಗ ನಿಂದ್ರು. ಕಂಡ ಮಾರೀನ ಮತ್ತ ಮತ್ತ ಕಂಡ್ರ ಒಳಗ ಮಂದಿ ಕಡಿಮಿ. ಪ್ರತಿ ಸಲ ಹೊಸ ಮಾರಿ ಕಂಡ್ರ, ನಾವು ಕಾಣದವರು ಇನ್ನೂ ಭಾಳ ಮಂದಿ ಅದಾರ ಅಂತ. ಅಚ್ಚಿಂದೂ ಹಂಗ.”

ಎಷ್ಟು ಅಚ್ಚುಗಳು ಇದ್ದಿರಬಹುದು ಎಂದು ಅವರು ಆಗಲೇ ಒಂದು ಅಂದಾಜು ಮಾಡಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು. ಅದನ್ನು ನಾಣ್ಯಾಸಕ್ತರ ಒಂದು ಸಂಘದ ವಾರ್ಷಿಕ ಪುಸ್ತಕದಲ್ಲಿ ತರಬೇಕೆಂಬುದು ಅವರ ಆಸೆ. ಓದಿದ್ದು ಐಟಿಐ. ಪ್ರೊಫೆಸರುಗಳ ನಡುವೆ ಒಮ್ಮೆ ತನ್ನ ಹೆಸರು ಬರಲಿ ಎಂಬುದನ್ನು ಬಾಯಿಬಿಟ್ಟು ಹೇಳಲು ಅವರಿಗೆ ನಾಚಿಕೆ. ಅಷ್ಟರಲ್ಲಿ ದೃಷ್ಟಿ ನಡುವಿನಿಂದ ಮಸುಕಾಗತೊಡಗಿತು. ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಡಬ್ಬಿಗಳಲ್ಲಿನ್ನೂ ನೂರಾರು ಚಿತ್ರಗಳಿದ್ದವು.

ಆಗ ಮೂಗು ತೂರಿಸಿದವಳು ನಾನು. ಓವರ್‌ಲೇಕ್‌ನ ಆಫೀಸಿನಲ್ಲಿ ಡೇಟಾ ಕ್ಲೀನ್ ಮಾಡುವುದೇ ನನ್ನ ಹೊಟ್ಟೆಪಾಡು. ಒಂದೇ ಮಾಹಿತಿ ಎರಡು ಸಲ ಬಂದರೆ ಒಂದನ್ನು ಅಳಿಸುವುದು. ಕಾಕಾನಿಗೂ ಅಂಥದೇ ಒಂದು ತೊಂದರೆ ಇತ್ತು. ಒಂದೇ ನಾಣ್ಯ ಬೇರೆ ಬೇರೆ ವರ್ಷ ಬೇರೆ ಬೇರೆ ಹರಾಜಿಗೆ ಬರುತ್ತದೆ. ಅಂಚಿನ ಸೀಳು, ಬೆಳ್ಳಿಯ ಆಕಾರ ನೋಡಿ ಅದೇ ನಾಣ್ಯ ಎಂದು ಗುರುತಿಸಿ ಒಮ್ಮೆ ಮಾತ್ರ ಎಣಿಸಬೇಕು.

“ಕಾಕಾ, ನಿಮ್ಮ ಕಣ್ಣು ಟಯರ್ಡ್ ಆಗಿದೆ. ಪ್ರೋಗ್ರಾಂ ಟಯರ್ಡ್ ಆಗಲ್ಲ. ನನಗೆ ಬಿಡಿ, ವೀಕೆಂಡಲ್ಲಿ ಮುಗಿಸಿಕೊಡ್ತೀನಿ,” ಎಂದೆ.

ಮುಗಿಸಿಯೂ ಕೊಟ್ಟೆ. ಬಂದ ಅಂದಾಜು ಅವರು ಪೆನ್ಸಿಲಿನಲ್ಲಿ ಬರೆದದ್ದರ ಹಲವು ಪಟ್ಟು. ಕಾಕಾ ಆ ಅಂಕಿಯ ಮೇಲೆ ಭೂತಗನ್ನಡಿ ಹಿಡಿದು ನೋಡಿದರು. “ಇಷ್ಟು ಅಚ್ಚು ಕೊರೀಬೇಕಂದ್ರ ಊರ ತುಂಬ ಅಚ್ಚಿನವರಽ ಇರಬೇಕಲ್ಲವಾ. ನನ್ನ ಕೈ ಒಪ್ಪವಲ್ದು,” ಎಂದರು. ನಾನು ನಕ್ಕೆ. ಕೈಯಲ್ಲ, ಡೇಟಾ ಹೇಳಬೇಕು ಎಂದು ಭಾಷಣ ಬಿಗಿದೆ. ಅವರು ಪೆನ್ಸಿಲಿನ ಅಂಕಿಯ ಮೇಲೆ ಒಂದು ಗೆರೆ ಎಳೆದರು. ಆ ಗೆರೆ ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಲೆಕ್ಕವನ್ನು ಬರಹವಾಗಿಸಿ, ಚಿತ್ರಗಳ ಪಟ್ಟಿಯ ಜೊತೆ ಕಾಕಾನ ಹೆಸರಿನಲ್ಲಿ ಸಂಘಕ್ಕೆ ಕಳಿಸಿದೆವು. ಅದನ್ನು ಮಂಡಿಸುವ ವಿಡಿಯೊ ಸಭೆಗೆ ಕಾಕಾ ಮದುವೆಯ ಕೋಟು ಹಾಕಿಕೊಂಡು ಕೂತರು. ಪಕ್ಕದಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಹಿಡಿದು ನಾನೂ ಸಭೆ ಸೇರಿದ್ದೆ. ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದರು. ಆಮೇಲೆ ಒಬ್ಬ ಹಿರಿಯ ವಿದ್ವಾಂಸ ಆ ಪಟ್ಟಿಯಲ್ಲಿ ನಾನು ಒಂದೇ ಎಂದು ಸೇರಿಸಿದ್ದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ. ಇವೆರಡನ್ನು ಒಂದೇ ನಾಣ್ಯ ಎಂದಿದ್ದೀರಿ, ಒಂದರ ಅಂಚು ಸೀಳಿದೆ, ಇನ್ನೊಂದರದು ದುಂಡಗಿದೆ, ಕಾಣುವುದಿಲ್ಲವೇ ಎಂದು ಕೇಳಿದ. ಎರಡೂ ಬೇರೆ ನಾಣ್ಯಗಳು, ಒಂದೇ ಅಚ್ಚಿನಿಂದ ಬಂದವು. ಗೂಬೆ ಒಂದೇ ಆದ್ದರಿಂದ ನನ್ನ ಪ್ರೋಗ್ರಾಂ ನಾಣ್ಯವೂ ಒಂದೇ ಎಂದು ಅಳಿಸಿತ್ತು. ಇಡೀ ಪಟ್ಟಿಯಲ್ಲಿ ಹಾಗೆಯೇ ಆಗಿತ್ತು. ಮತ್ತೆ ಮತ್ತೆ ಕಾಣಬೇಕಾದ ಮುಖಗಳನ್ನೆಲ್ಲ ನಾನೇ ಬಾಗಿಲಿನಿಂದ ಆಚೆ ಕಳಿಸಿದ್ದೆ. ಉಳಿದದ್ದು ಬರೀ ಹೊಸ ಮುಖಗಳು. ಅದಕ್ಕೇ ಅಂದಾಜು ಹಾಗೆ ಉಬ್ಬಿತ್ತು.

ಯಾರೋ ಸಣ್ಣಗೆ ನಕ್ಕರು. ಮಾತಾಡಬೇಕಾದವಳು ನಾನು. ನನ್ನ ಮೈಕ್ ಆಫ್ ಆಗಿತ್ತು, ಆನ್ ಮಾಡಲು ಒಂದು ಬೆರಳು ಸಾಕಿತ್ತು. ಮಾಡಲಿಲ್ಲ. ಕಾಕಾ, “ಮೈ ಮಿಸ್ಟೇಕ್, ಸರ್,” ಎಂದು ಕೈಮುಗಿದರು.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು. “ಅಷ್ಟರಾಗ ಒಂದರೆ ನೀ ಕಣ್ಣಲೆ ನೋಡಿದ್ದೇನವಾ?”

ನೋಡಿರಲಿಲ್ಲ. ಒಂದನ್ನೂ ನೋಡಿರಲಿಲ್ಲ.

ಸರಿಪಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಮುಂದಿನ ವಾರ ಎಂದೆ, ಆಫೀಸಿನಲ್ಲಿ ರಿಲೀಸ್ ಇದೆ ಎಂದೆ, ಪ್ರಮೋಷನ್ ಆದ ಮೇಲೆ ಎಂದೆ. ಪ್ರಮೋಷನ್ ಆಯಿತು. ಕಾಕಾ ಒಮ್ಮೆಯೂ ನೆನಪಿಸಲಿಲ್ಲ. ಮಾಲಿನ ಮೇಜಿಗೆ ಹೋಗುವುದನ್ನು ಬಿಟ್ಟರು. ಮೆಟ್ಟಿಲಲ್ಲಿ ಸಿಕ್ಕರೆ, “ಉಂಡೀಯೇನವಾ?” ಎಂದಷ್ಟೇ ಕೇಳುತ್ತಿದ್ದರು, ನನ್ನ ಮುಖದ ಪಕ್ಕಕ್ಕೆಲ್ಲೋ ನೋಡುತ್ತ. ನಡುವಿನ ದೃಷ್ಟಿ ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಆ ಚಳಿಗಾಲದಲ್ಲಿ ಹೃದಯ ನಿಂತು ತೀರಿಕೊಂಡರು.

ಕಾಕು ಡಬ್ಬಿಗಳನ್ನು ತಂದು ನನ್ನ ಬಾಗಿಲಲ್ಲಿ ಇಟ್ಟರು. “ನೀನಽ ಇಟ್ಕೋ. ನನಗ ಆ ಗೂಬಿ ನೋಡಿದ್ರ ಅಳು ಬರ್ತೈತಿ,” ಎಂದರು. ಅಂದಿನಿಂದ ಎಂಟು ತಿಂಗಳು ಪ್ರತಿ ಶನಿವಾರ ಅದೇ ಮೇಜಿನಲ್ಲಿ ಅವರ ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದೆ. ಪ್ರೋಗ್ರಾಂ ಮುಟ್ಟಲಿಲ್ಲ. ಕಡೆಗೆ ಬಂದ ಅಂದಾಜು ಗೆರೆಯ ಕೆಳಗಿದ್ದ ಪೆನ್ಸಿಲಿನ ಅಂಕಿಯ ಆಸುಪಾಸಿನಲ್ಲೇ ಇತ್ತು.

ಎಲ್ಲವನ್ನೂ ಅವರ ಹೆಸರಿನಲ್ಲಿ ಸಂಘಕ್ಕೆ ಕಳಿಸಿದೆ. ಲೇಖಕರೇ ಹಿಂತೆಗೆದುಕೊಂಡ ಬರಹವನ್ನು ಅವರ ಹೆಸರಿನಲ್ಲಿ ತರಲು ಬರುವುದಿಲ್ಲ, ಹೊಸದಾಗಿ ಎಣಿಸಿದವರು ನೀವಾದ್ದರಿಂದ ನಿಮ್ಮ ಹೆಸರಿನಲ್ಲಾದರೆ ಸಂತೋಷದಿಂದ ಪ್ರಕಟಿಸುತ್ತೇವೆ ಎಂದು ಉತ್ತರ ಬಂತು. ಜೊತೆಗೆ ಕಾಕಾ ಸಭೆಯ ಮರುದಿನ ಬರೆದಿದ್ದ ಪತ್ರದ ಪ್ರತಿ ಇತ್ತು. ಮುರುಕು ಇಂಗ್ಲಿಷಿನ ಮೂರು ಸಾಲು. ವಿಂಗಡಿಸಿದ್ದೆಲ್ಲ ನಾನೊಬ್ಬನೇ, ಬೇರೆ ಯಾರೂ ಕೈ ಹಾಕಿಲ್ಲ. ನನ್ನ ಕಣ್ಣು ದಣಿದಿದೆ, ತಪ್ಪು ಅದರದು. ಬರಹ ಹಿಂತೆಗೆದುಕೊಳ್ಳುತ್ತೇನೆ, ದಯವಿಟ್ಟು ಕ್ಷಮಿಸಿ.

ಅವತ್ತೇ ಸಂಘಕ್ಕೆ ಬರೆದೆ. ಆ ಕಣ್ಣು ತಪ್ಪಿರಲಿಲ್ಲ, ನೋಡದೆ ಅಳಿಸಿದವಳು ನಾನು, ಸಭೆಯಲ್ಲಿ ಪಕ್ಕದಲ್ಲೇ ಕೂತು ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ, ಅವರ ಹೆಸರಿಲ್ಲದೆ ಅಚ್ಚು ಮಾಡಬೇಡಿ ಎಂದೆ. ಅದಕ್ಕೆ ಉತ್ತರ ಬಂದಿಲ್ಲ.