ಗೆಣ್ಣಿಗೊಂದು ಶಬ್ದ

ಗಲ್ಫಿನಿಂದ ಬಂದು ಕುಂಜತ್ತೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನೆಲೆಸಿದ ಅವರು, ಸಂಜೆ ಜಗಲಿಯಲ್ಲಿ ಕೂತು ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಸರಿಸುತ್ತ ತುಟಿ ಅಲುಗಿಸುತ್ತಿದ್ದರು. ಜಪವೆಂದು ತಿಳಿದು ನಾವು ಟೀವಿಯ ಸದ್ದು ತಗ್ಗಿಸುತ್ತಿದ್ದೆವು. ಅವರಂತೆ ನಾನೂ ಫೋನಿನಲ್ಲಿ ಡಿಜಿಟಲ್ ಹಣ ಇಡುವ ಕ್ರಿಪ್ಟೋ ವ್ಯಾಲೆಟ್ ತೆರೆದು ಅವರ ಸಲಹೆ ಕೇಳಲು ಹೋದ ದಿನ ನಿಜ ತಿಳಿಯಿತು.

“ವ್ಯಾಲೆಟ್‌ನಲ್ಲಿ ಎಷ್ಟು ಬಗೆಯ ಕಾಯಿನ್ ಇದ್ರೂ ತೆರೆಯುವ ಕೀ ಒಂದೇ, ಹನ್ನೆರಡು ಇಂಗ್ಲಿಷ್ ಶಬ್ದ. ಫೋನ್ ಹಾಳಾದ್ರೂ ಶಬ್ದ ಉಂಟಲ್ಲ, ಎಲ್ಲ ವಾಪಸ್ ಬರ್ತದೆ. ಯಾರಿಗೂ ಹೇಳ್ಬಾರ್ದು ಮಾರಾಯ.”

“ನೀವು ಎಲ್ಲಿ ಬರೆದಿಟ್ಟಿದ್ದೀರಿ?”

“ಬರೆದ್ರೆ ಕದೀತಾರೆ,” ಎಂದು ಬೆರಳು ತೋರಿಸಿದರು. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು, ಗೆಣ್ಣಿಗೊಂದು ಶಬ್ದ. ಹೆಂಡತಿಗೂ ಹೇಳಿರಲಿಲ್ಲ.

ಕಳೆದ ವರ್ಷ ಪಾರ್ಶ್ವವಾಯು ಬಡಿದು ಮೆಟ್ಟಿಲ ಮೇಲೆ ಬಿದ್ದರು. ಕಿಸೆಯಲ್ಲಿದ್ದ ಫೋನು ಪುಡಿಯಾಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮಾತು ಸ್ವಲ್ಪ ಸ್ವಲ್ಪ ಬರಬಹುದು ಎಂದರು ಮಂಗಳೂರಿನ ಡಾಕ್ಟರು. ಗಲ್ಫಿನ ದುಡಿಮೆಯೆಲ್ಲ ಆ ವ್ಯಾಲೆಟ್‌ನಲ್ಲಿತ್ತು. ಮುಂದಿನ ಚಿಕಿತ್ಸೆಗೆ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಶಬ್ದಗಳ ವಿಷಯ ನನ್ನಿಂದ ತಿಳಿದು, ಒಂದು ಸಂಜೆ ನನ್ನೆದುರೇ ಅವರ ಹೆಂಡತಿ ಪೆನ್ನು ಹಿಡಿದು ಮಂಚದ ಬಳಿ ಕೂತರು.

“ನಾನು ಯಾರ ಹತ್ರವೂ ಹೇಳುದಿಲ್ಲ. ಆ ಶಬ್ದ ಒಂದೊಂದೇ ಹೇಳಿ.”

ಅವರಿಗೆ ಅರ್ಥವಾಯಿತು. ಎಡಗೈಯ ಹೆಬ್ಬೆರಳು ಮೊದಲ ಗೆಣ್ಣಿನ ಮೇಲೆ ನಿಂತಿತು. ಕಣ್ಣು ಮುಚ್ಚಿ, ಸೊಟ್ಟಗಾದ ಬಾಯಿಂದ ಕಷ್ಟಪಟ್ಟು ಅಂದರು: “ಯಾರಿಗೂ ಹೇಳ್ಬಾರ್ದು.”

ಅದಲ್ಲ ಎಂದು ತಾವೇ ತಲೆ ಅಲ್ಲಾಡಿಸಿದರು. ಹೆಬ್ಬೆರಳು ಎರಡನೆಯ ಗೆಣ್ಣಿಗೆ ಸರಿಯಿತು.

“ಯಾರಿಗೂ ಹೇಳ್ಬಾರ್ದು.”

ಕಿರುಬೆರಳ ಕೊನೆಯ ಗೆಣ್ಣು ಮುಟ್ಟುವವರೆಗೂ ಅವರು ಬಿಡಲಿಲ್ಲ.