ಕೊಳದ ಮಗ್ಗುಲಿನ ಗುಳಿ

ಸೋಮವಾರ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗಾಲ್ಫ್ ಮೈದಾನದ ಕಟ್ಟಕಡೆಯ ಗ್ರೀನ್ ಎಂಬ ನುಣ್ಣನೆಯ ಹುಲ್ಲುಹಾಸಿನ ಮೇಲೆ, ಕೊಳಕ್ಕೆ ತಾಗಿದ ಮೂಲೆಯಲ್ಲಿ, ಐವತ್ತು ದಾಟಿದವರೊಬ್ಬರು ಮಂಡಿಯೂರಿ ಅಂಗೈಯಿಂದ ಇಬ್ಬನಿ ಒರೆಸುತ್ತಿದ್ದಾರೆ. ಪಕ್ಕದಲ್ಲಿ ಒಂದು ಬಕೆಟ್ಟು, ನೀರಿನ ಡಬ್ಬಿ, ಎರಡು ಹಿಡಿಗಳಿರುವ ಉಕ್ಕಿನ ಕೊಳವೆ. ಎದ್ದು ನಿಂತು ಕೊಳವೆಯನ್ನು ಹುಲ್ಲಿಗೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಆಚೆ ಈಚೆ ತಿರುಗಿಸುತ್ತಾರೆ. ಮೇಲೆತ್ತಿದಾಗ ಹುಲ್ಲಿನ ಸಮೇತ ಮಣ್ಣು ಇಡಿಯಾಗಿ ಕಿತ್ತು ಬರುತ್ತದೆ. ಅದನ್ನು ಒಯ್ದು, ಚೆಂಡು ಬೀಳಲೆಂದು ನಿನ್ನೆ ತೋಡಿದ್ದ ಗುಳಿಗೆ ತುಂಬಿ, ಪಾದದಿಂದ ಮೆತ್ತಗೆ ಒತ್ತಿ, ನೀರು ಚಿಮುಕಿಸುತ್ತಾರೆ. ಹೊಸ ಗುಳಿಗೆ ಬಟ್ಟಲು ಇಳಿಸಿ ಬಾವುಟ ನೆಟ್ಟ ಮೇಲೆ ಕೆಲಸಗಾರರ ವಠಾರದ ಕಡೆ ಕತ್ತು ಹೊರಳಿಸಿ ನೋಡುತ್ತಾರೆ. ಆ ಕಡೆಯಿಂದ ಯಾರೂ ಬರುತ್ತಿಲ್ಲ.

ಮೈದಾನದವರೆಲ್ಲ ಇವರನ್ನು ಕರೆಯುವುದು ಗುಡುಗು ಎಂದು. ಭೇಟಿಯಾದವರಿಗೆ ಇದು ತಮಾಷೆಯಾಗಿ ಕಾಣಬಹುದು, ಯಾಕೆಂದರೆ ಮನುಷ್ಯ ಬಾಯಿ ಬಿಡುವುದೇ ಅಪರೂಪ. ಹರೆಯದಲ್ಲಿ ಇವರು ಚೆಂಡಿಗೆ ಹೊಡೆದರೆ ಸದ್ದು ಕ್ಲಬ್ಬಿನ ಊಟದ ಕೋಣೆಯ ತನಕ ಕೇಳುತ್ತಿತ್ತಂತೆ. ಹೆಸರು ಅಲ್ಲಿಂದ ಬಂದದ್ದು. ಈಗಿನ ಕೆಲಸದಲ್ಲಿ ಸದ್ದೇ ಇಲ್ಲ. ಹದಿನೆಂಟು ಗ್ರೀನ್‌ಗಳಲ್ಲಿ ಹದಿನೆಂಟು ಹಳೆಯ ಗುಳಿ ಮುಚ್ಚಿ, ಹದಿನೆಂಟು ಹೊಸದು ತೋಡಿ, ಮೊದಲ ಕಾರು ಗೇಟಿನೊಳಗೆ ಬರುವಷ್ಟರಲ್ಲಿ ಕಣ್ಮರೆಯಾಗಬೇಕು. ಇಬ್ಬನಿಯಲ್ಲಿ ನೆನೆದೂ ನೆನೆದೂ ಮಂಡಿಗಳು ಕಿರುಗುಟ್ಟುತ್ತವೆ. ಆಡಲು ಬರುವವರು ದಿನವಿಡೀ ಬಾವುಟದ ಕಡೆಗೇ ಕಣ್ಣು ನೆಟ್ಟಿರುತ್ತಾರೆ. ಆ ಬಾವುಟ ನೆಟ್ಟವರು ಯಾರೆಂದು ಕೇಳುವ ಪುರುಸೊತ್ತು ಯಾರಿಗಿದೆ ಹೇಳಿ.

ಒಂದೇ ಕಡೆ ಗುಳಿ ಇದ್ದರೆ ಸುತ್ತಲಿನ ಹುಲ್ಲು ತುಳಿತಕ್ಕೆ ಸತ್ತುಹೋಗುತ್ತದೆ. ಹಾಗಾಗಿ ಗುಳಿ ದಿನಾ ಜಾಗ ಬದಲಿಸಬೇಕು, ಸರದಿಯ ಮೇಲೆ ಎಲ್ಲ ಮೂಲೆಗೂ ಹೋಗಬೇಕು. ಗುಡುಗು ಈ ಸರದಿಯನ್ನು ಚಾಚೂ ತಪ್ಪದೆ ಪಾಲಿಸುತ್ತ ಬಂದವರು, ಒಂದು ಜಾಗದ ಹೊರತು. ಕೊನೆಯ ಗ್ರೀನ್‌ನ ಈ ಕೊಳದ ಮಗ್ಗುಲಿನ ಮೂಲೆಯಲ್ಲಿ ಅವರು ಕೆಲಸಕ್ಕೆ ಸೇರಿದಂದಿನಿಂದ ತೀರಾ ಈಚಿನ ತನಕ ಒಮ್ಮೆಯೂ ಗುಳಿ ತೋಡಿರಲಿಲ್ಲ. ಅಲ್ಲಿನ ಹುಲ್ಲು ಪೆಟ್ಟಿಗೆಯಿಂದ ಹೊರಗೇ ತೆಗೆಯದ ಕಂಬಳಿಯಂತೆ ಹೊಸದಾಗಿಯೇ ಉಳಿದಿತ್ತು. ಮ್ಯಾನೇಜರಿಗೆ ಅದು ಗೊತ್ತಾಗಲಿಲ್ಲ, ಸದಸ್ಯರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಭಾವನಿಗೆ ಮಾತ್ರ.

ಭಾವ ಎಂದರೆ ಅಕ್ಕನ ಗಂಡ. ಗುಡುಗು, ಭಾವ ಇಬ್ಬರೂ ಇದೇ ಮೈದಾನದಲ್ಲಿ ಕ್ಯಾಡಿಗಳಾಗಿದ್ದವರು, ಎಂದರೆ ಆಡುವವರ ಕೋಲುಗಳ ಚೀಲ ಹೊತ್ತು ಹಿಂದೆ ನಡೆಯುವವರು. ಸೋಮವಾರ ಸದಸ್ಯರಿಗೆ ರಜೆ. ಅಂದು ಬೆಳಗ್ಗೆ ಕ್ಯಾಡಿಗಳು ಆಡಿಕೊಳ್ಳಬಹುದು. ಅವರ ಆಟಕ್ಕೆ ಅವರದೇ ಮಾತುಗಳಿವೆ. ಬಾವುಟಕ್ಕೆ ನೆಟ್ಟಗೆ ಗುರಿಯಿಟ್ಟರೆ ಅದು ಆಸೆದಾರಿ. ಕೊಳ, ಮರಳುಗುಂಡಿ ಎಲ್ಲವನ್ನೂ ಬಳಸಿಕೊಂಡು, ಅಗಲವಾದ ಜಾಗದಲ್ಲಿ ಚೆಂಡು ಇಳಿಸಿ, ಅಲ್ಲಿಂದ ಮೆಲ್ಲಗೆ ಗುಳಿ ಸೇರಿದರೆ ಅದು ಮನೆದಾರಿ. ಗುಡುಗಿಗೆ ಗೊತ್ತಿದ್ದದ್ದು ಆಸೆದಾರಿ ಒಂದೇ. ಭಾವ ಹುಟ್ಟಾ ಮನೆದಾರಿಯವರು. ಎದುರಿನ ಅಂಗಡಿಗೆ ಹೊರಟರೂ ಬಳಸಿಕೊಂಡೇ ಹೋಗುತ್ತಾರೆ ಎಂದು ಅಕ್ಕ ಈಗಲೂ ರೇಗಿಸುತ್ತಾರೆ. ಆದರೆ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರದೇ ಗೆಲುವು; ಆಟ ಮುಗಿದು ಎಣಿಸಿ ನೋಡಿದರೆ ಗೆದ್ದಿರುತ್ತಿದ್ದದ್ದು ಭಾವನೇ.

“ನಾನು ಹೊಡೆದ್ರೆ ಎಲ್ರೂ ಬಾಯಿ ತೆರ್ಕೊಂಡು ನೋಡೋರು,” ಎನ್ನುತ್ತಾರೆ ಗುಡುಗು. “ಭಾವ ಹೊಡೆದ್ರೆ ಯಾರೂ ನೋಡ್ತಿರ್ಲಿಲ್ಲ. ನೋಡೋದಕ್ಕೆ ಏನೂ ಇರ್ತಿರ್ಲಿಲ್ಲ. ಅದೇ ಆಟ ಅಂತ ನಂಗೆ ಹೊಳೀಲೇ ಇಲ್ಲ.”

ಭಾವ ಹೇಳಿಕೊಡದೆ ಇರಲಿಲ್ಲ. ನಮಗಿಂತ ಚೆನ್ನಾಗಿ ಆಡುವವರ ಜೊತೆ ಆಡಲು ಸಿಕ್ಕಾಗ ಅವರ ಚೆಂಡು ನೋಡಬೇಡ, ಕಾಲು ನೋಡು ಎನ್ನುತ್ತಿದ್ದರು. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಡೆದ ಗುರುತು ಉಳಿಯುತ್ತದೆ. ಭಾವನ ಗುರುತು ಬಾವುಟದ ಗೊಡವೆಯೇ ಇಲ್ಲದಂತೆ ಒಂದು ಪಕ್ಕಕ್ಕೆ ಹೋಗಿ, ಆಮೇಲೆ ಸಮಾಧಾನವಾಗಿ ಗ್ರೀನ್ ಕಡೆ ತಿರುಗುತ್ತಿತ್ತು. ಗುಡುಗಿನ ಗುರುತು ನೇರ ಹೊರಟು, ಕಳೆದ ಚೆಂಡು ಹುಡುಕುತ್ತ ಪೊದೆಯಿಂದ ಪೊದೆಗೆ ಅಲೆಯುತ್ತಿತ್ತು. ಎರಡೂ ಕಣ್ಣೆದುರಿಗೇ ಬಿದ್ದಿರುತ್ತಿದ್ದವು. ಗುಡುಗು ಭಾವನ ಗುರುತು ತೋರಿಸಿ, ನೋಡಿ, ನಮ್ಮಮ್ಮನ ಕಣ್ಣು ತಪ್ಪಿಸಿ ಓಡಾಡುವ ಅಳಿಯನ ನಡಿಗೆ ಎಂದು ನಗಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಭಾವನೂ ನಗುತ್ತಿದ್ದರು.

ಒಂದು ವರ್ಷ ಕ್ಲಬ್ಬು ಆಟ ಕಲಿಸುವವರನ್ನು ಆರಿಸಲು ಪಂದ್ಯ ಇಟ್ಟಿತು. ಗೆದ್ದವರಿಗೆ ಕಾಯಂ ಕೆಲಸ, ಇರಲು ಮನೆ. ಕ್ಯಾಡಿಗಳ ಪೈಕಿ ಒಬ್ಬರಿಗೆ ಮಾತ್ರ ಅವಕಾಶ. ಎಲ್ಲರ ಬಾಯಲ್ಲೂ ಭಾವನ ಹೆಸರೇ ಇತ್ತು. ಭಾವ ತಾವೇ ಹಿಂದೆ ಸರಿದು, ಚಿಕ್ಕ ವಯಸ್ಸು, ಮುಂದೆ ಬರಲಿ ಎಂದು ಹೆಂಡತಿಯ ತಮ್ಮನನ್ನು ನಿಲ್ಲಿಸಿದರು. ಅವರ ಚೀಲವನ್ನೂ ತಾವೇ ಹೊತ್ತರು.

ಕೊನೆಯ ಗುಳಿಗೆ ಬರುವಾಗ ಗುಡುಗು ಮುಂದಿದ್ದರು. ಜೊತೆಗೆ ಆಡುತ್ತಿದ್ದವನು ಹೊರಗಿನಿಂದ ಬಂದ ನುರಿತ ಆಟಗಾರ. ಅವನು ಆಗಲೇ ಎಡಗಡೆಯ ಬಯಲಿಗೆ ಚೆಂಡು ಇಳಿಸಿ ಮನೆದಾರಿ ಹಿಡಿದಾಗಿತ್ತು. ಬಾವುಟ ಕೊಳದ ಮಗ್ಗುಲಿನ ಮೂಲೆಯಲ್ಲಿತ್ತು. ಒಂದು ಹೊಡೆತ ಹೆಚ್ಚಾದರೂ ಗೆಲುವು ಕೈ ತಪ್ಪುತ್ತಿರಲಿಲ್ಲ. ಭಾವ ಚೀಲದಿಂದ ಮನೆದಾರಿಯ ಗಿಡ್ಡ ಕೋಲು ತೆಗೆದು ಮುಂದೆ ಹಿಡಿದರು. ಗುಡುಗು ಅದನ್ನು ಸರಿಸಿ ಉದ್ದದ ಕೋಲಿಗೆ ತಾವೇ ಕೈ ಹಾಕಿದರು. ಚೆಂಡು ಕೊಳಕ್ಕೆ ಬಿತ್ತು. ಹಠ ಬಿಡದೆ ಅದೇ ಕೋಲಿನಲ್ಲಿ ಇನ್ನೊಂದು ಹೊಡೆದರು. ಅದೂ ಕೊಳಕ್ಕೇ ಬಿತ್ತು.

ಕೆಲಸ ಹೊರಗಿನವನ ಪಾಲಾಯಿತು. ಭಾವ ಕೋಲುಗಳನ್ನು ಒರೆಸಿಟ್ಟು ಮನೆಗೆ ಹೋದರು. ಅಂದು ಅವರು ಬೈದುಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಗುಡುಗಿಗೆ ಈಗಲೂ ಅನಿಸುತ್ತದೆ. ಭುಜ ಸೋಲುವ ತನಕ ಭಾವ ಇನ್ನೊಬ್ಬರ ಚೀಲ ಹೊತ್ತರು. ಅವರೇ ಆಡಿದ್ದರೆ ಗೆಲ್ಲುತ್ತಿದ್ದರು, ಅಕ್ಕನ ಬದುಕು ಬೇರೆಯೇ ಆಗುತ್ತಿತ್ತು. ಇದನ್ನು ಗುಡುಗಿಗೆ ಯಾರೂ ನೆನಪು ಮಾಡಬೇಕಾಗಿಲ್ಲ. ವಠಾರದಲ್ಲಿ ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಭಾವ ಭುಜದ ನೋವಿಗೆ ನರಳಿದರೆ ಈಚೆಗೆ ಕೇಳಿಸುತ್ತದೆ.

ಗುಡುಗು ಆಟ ಕಲಿತದ್ದು ಆಮೇಲೆ, ಅದರಿಂದ ಯಾವ ಉಪಯೋಗವೂ ಇಲ್ಲದ ಹೊತ್ತಿನಲ್ಲಿ. ಗುಳಿ ತೋಡುವ ಕೆಲಸಕ್ಕೆ ಸೇರಿದ ಮೇಲೆ ಸೋಮವಾರಗಳಲ್ಲಿ ಭಾವನ ಗುರುತಿನ ಮೇಲೇ ಹೆಜ್ಜೆ ಇಟ್ಟು ಆಡತೊಡಗಿದರು. ಎಲ್ಲಿ ತಪ್ಪಿದರೆ ನಡೆಯುತ್ತದೆ, ಎಲ್ಲಿ ತಪ್ಪಲೇಬಾರದು ಎನ್ನುವುದನ್ನು ನೋಡಿಕೊಂಡು ಆಮೇಲೆ ಕೋಲು ಆರಿಸುವುದು ಕೈಗೆ ಬಂತು. ಆದರೆ ಹದಿನೇಳು ಗುಳಿ ಮುಗಿದದ್ದೇ ಏನಾದರೂ ನೆಪ ಹೇಳಿ, ಚೆಂಡು ಜೇಬಿಗಿಳಿಸಿ, ಶೆಡ್ಡಿನ ಕಡೆ ನಡೆದುಬಿಡುತ್ತಿದ್ದರು. ಕೊನೆಯದನ್ನು ಭಾವ ಒಬ್ಬರೇ ಆಡಿ ಬರುತ್ತಿದ್ದರು.

ಈಗ ಭಾವನ ಕಣ್ಣು ಹೋಗುತ್ತಿದೆ. ನಡುವೆ ಕಪ್ಪು, ಅಂಚಿನಲ್ಲಿ ಒಂದಿಷ್ಟು ಬೆಳಕು. ನೆಟ್ಟಗೆ ನೋಡಿದ್ದು ಕಾಣುವುದಿಲ್ಲ. ನೋಡುವುದಕ್ಕೂ ಬಳಸುದಾರಿಯೇ ಗತಿಯಾಯಿತಲ್ಲ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ಆದರೂ ಆಟ ಬಿಟ್ಟಿರಲಿಲ್ಲ. ಗುಡುಗು ಮುಂದೆ ಹೋಗಿ ಬಾವುಟದ ಬುಡದಲ್ಲಿ ನಿಂತು ‘ಇಲ್ಲಿ’ ಎಂದು ಕೂಗುತ್ತಿದ್ದರು, ಭಾವ ಆ ದನಿಗೆ ಗುರಿಯಿಟ್ಟು ಹೊಡೆಯುತ್ತಿದ್ದರು. ಚೆಂಡು ಗುಳಿಯ ತೀರಾ ಹತ್ತಿರ ಬಿದ್ದರೆ ‘ಬಿಟ್ಟೆ’ ಎಂದು ಹೇಳಿ ಎತ್ತಿಕೊಡುವುದು ಗೆಳೆಯರ ಆಟದಲ್ಲಿ ರೂಢಿ; ಅಷ್ಟು ಹತ್ತಿರದ್ದನ್ನು ಗುಳಿಗೆ ಹಾಕಿ ತೋರಿಸಬೇಕಾಗಿಲ್ಲ ಎಂದು ಅರ್ಥ. ಗುಡುಗು ಕೊನೆಯ ಗುಳಿಗೆ ಬಾರದ ಕಾರಣ ಭಾವನ ಆಟವೂ ಹದಿನೇಳಕ್ಕೇ ನಿಲ್ಲತೊಡಗಿತು.

ಈಚೆಗೆ ಒಂದು ಭಾನುವಾರ ಸಂಜೆ ಭಾವ ಬಾಗಿಲಿಗೆ ಬಂದು, ಆ ಮೂಲೆಯನ್ನು ನೀನು ಯಾಕೆ ಬಿಡುತ್ತೀಯ ಅನ್ನುವುದು ಗೊತ್ತು ಎಂದರು. ನಾಳೆ ಗುಳಿ ಅಲ್ಲಿರಲಿ, ಕಣ್ಣು ಪೂರ್ತಿ ಹೋಗುವ ಮೊದಲು ಇಬ್ಬರೂ ಸೇರಿ ಅದನ್ನೊಮ್ಮೆ ಆಡಿ ಮುಗಿಸೋಣ ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ಹೆಂಡತಿಯ ತಮ್ಮನಿಂದ ಕೇಳಿದ್ದು ಅದೊಂದೇ. ಗುಡುಗು ಆಗಲಿ ಎಂದರು.

ಬೆಳಗ್ಗೆ ಕೊಳವೆಯನ್ನು ಆ ಮೂಲೆಗೆ ಊರಿದರು. ಒತ್ತಲು ಕೈ ಬರಲಿಲ್ಲ. ಎತ್ತಿಕೊಂಡು ಹೋಗಿ ಗ್ರೀನ್‌ನ ನಡುಮಧ್ಯೆ ತೋಡಿದರು. ಭಾವನಿಗೆ ಕಾಣುವುದಿಲ್ಲವಲ್ಲ, ತಾನು ಮೂಲೆಯಲ್ಲಿ ನಿಂತು ಕೂಗಿದರಾಯಿತು, ಚೆಂಡು ಹತ್ತಿರ ಬಂದಾಗ ‘ಬಿಟ್ಟೆ’ ಎಂದರಾಯಿತು. ಮೊದಮೊದಲು ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಭಾವ ಗಿಡ್ಡ ಕೋಲಿನಲ್ಲಿ ಎಡಗಡೆಯ ಬಯಲಿಗೆ ಚೆಂಡು ಇಳಿಸಿದರು. ಗುಡುಗು ಗುಳಿಯೇ ಇಲ್ಲದ ಮೂಲೆಯಲ್ಲಿ ನಿಂತು ಕೂಗಿದರು. ಚೆಂಡು ಉರುಳಿ ಬಂದು ಅವರ ಬೂಟಿನ ಪಕ್ಕದಲ್ಲೇ ನಿಂತಿತು. ಅಂಥ ಹೊಡೆತವನ್ನು ಭಾವ ಕಣ್ಣಿದ್ದಾಗಲೂ ಹೊಡೆದಿರಲಿಲ್ಲ. ಗುಡುಗು ‘ಬಿಟ್ಟೆ’ ಎಂದು ಬಗ್ಗಿದರು. ಭಾವ ಬೇಡ ಎಂದರು. ಇದೊಂದು ಗುಳಿಗೆ ಬೀಳುವ ಸದ್ದು ಕೇಳಿಸಿಕೊಂಡೇ ಹೋಗುತ್ತೇನೆ, ಗುಳಿ ಎಲ್ಲಿದೆ ತೋರಿಸು ಎಂದರು. ಭಾವ ಕೋಲಿನ ತುದಿಯಿಂದ ಸುತ್ತಲೂ ತಡಕಿದರು, ಆಮೇಲೆ ಕೂತು ಅಂಗೈಯಿಂದ ತಡಕಿದರು. ಕೈಗೆ ಹುಲ್ಲಷ್ಟೇ ಸಿಕ್ಕಿತು.

“ಆವತ್ತು ನೀನು ನೀರಿಗೆ ಹೊಡೆದಾಗ ನಂಗೆ ಬೇಜಾರಾಗ್ಲಿಲ್ಲ ಕಣೋ,” ಎಂದರಂತೆ ಭಾವ. “ಹೊಡೆಯೋನಿಗೆ ತಪ್ಪುತ್ತೆ. ಇವತ್ತು ಬೇಜಾರಾಯ್ತು.”

ಗುಡುಗು ಕೈ ಚಾಚಿದರೆ ಭಾವ ಹಿಡಿಯಲಿಲ್ಲ. ಕೋಲನ್ನೇ ಊರಿಕೊಂಡು, ಆ ಮನುಷ್ಯ ಮೊದಲ ಸಲ ಎಲ್ಲೂ ಬಳಸದೆ, ನೆಟ್ಟಗೆ ಮನೆಗೆ ನಡೆದರು.

ಗುಡುಗು ಎದುರಿಗೆ ಕೂತು ತಪ್ಪಾಯಿತು ಎಂದು ಕೇಳಿಕೊಂಡಿದ್ದಾರೆ. ಭಾವ ಆಯ್ತು ಬಿಡು ಎಂದರು. ಎಂದರೇ ಹೊರತು ಸೋಮವಾರ ಬರಲಿಲ್ಲ, ಅದರ ಮುಂದಿನ ಸೋಮವಾರವೂ ಬರಲಿಲ್ಲ. ಭುಜ ನೋವು ಎಂದು ಅಕ್ಕ ಇಬ್ಬರ ಮಾನವನ್ನೂ ಕಾಪಾಡುತ್ತಾರೆ. ಅಂಚಿನ ಬೆಳಕೂ ಕಡಿಮೆಯಾಗುತ್ತಿದೆ ಎನ್ನುವುದನ್ನೂ ಅವರೇ ಹೇಳಿದ್ದು.

ಸೋಮವಾರಗಳಂದು ಈಗ ಕೊನೆಯ ಗುಳಿ ಈ ಮೂಲೆಯಲ್ಲೇ ಇರುತ್ತದೆ. ಕೈ ಈಗ ಒತ್ತುತ್ತದೆ, ಒತ್ತಿ ಏನು ಬಂತು ಎನ್ನುತ್ತಾರೆ ಗುಡುಗು. ಬಿಸಿಲು ಬಂದಿದೆ. ಬಯಲಿನ ಇಬ್ಬನಿಯ ಮೇಲೆ ಬಿದ್ದಿರುವುದು ಇವರೊಬ್ಬರದೇ ಗುರುತು. ಬಕೆಟ್ಟು ಎತ್ತಿಕೊಂಡವರು ಮತ್ತೆ ಕೆಳಗಿಟ್ಟು, ಬಟ್ಟಲೊಳಗೆ ಬಿದ್ದ ಮಣ್ಣಿನ ಹರಳೊಂದನ್ನು ಬೆರಳಿನಿಂದ ತೆಗೆಯುತ್ತಾರೆ.

“ಒಂದು ಸಲ ಬಂದ್ರೆ ಸಾಕು,” ಎನ್ನುತ್ತಾರೆ. “ನಾನು ಕೂಗೋದೂ ಇಲ್ಲ. ಮೊದ್ಲು ಕೈ ಹಿಡ್ಕೊಂಡು ಬಂದು ಗುಳಿ ಮುಟ್ಟಿಸ್ತೀನಿ. ಆಮೇಲೆ ಅವರು ಹೊಡೀಲಿ.”