ಕರಗಿದ್ದೋ, ಸೊರಗಿದ್ದೋ

ಕುಸ್ತಿಯ ತಾಲೀಮು ಮನೆಯ ಕೆಮ್ಮಣ್ಣಿನಲ್ಲಿ ಉರುಳಾಡಿ ಬೆಳೆದ ಮೈ ನನ್ನದು. ಹುಬ್ಬಳ್ಳಿಯ ದುರ್ಗದಬೈಲಿನ ಜವಳಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ, ಧೋತರ ಬಿಚ್ಚಿ ತೋರಿಸುವ ಕೆಲಸ ಸಿಕ್ಕ ಮೇಲೆ ಆ ಮೈಗೆ ಹೊಟ್ಟೆಯೊಂದು ಬಾಡಿಗೆಗೆ ಬಂತು. ಗಿರಾಕಿ ಬಂದರೆ ಚಹಾ, ಬರದಿದ್ದರೆ ಮಿರ್ಚಿ ಭಜಿ. ಅವ್ವನಿಗೆ ಮಾತ್ರ ಹಿಗ್ಗು. “ಈಗ ನೋಡ್ರಿ, ಮೈ ಹಿಡದಾನ ನನ್ನ ಮಗ” ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದಳು. ಇಂಗ್ರೇಜರು ಇನ್ನೂ ಇದ್ದ ಕಾಲ ಅದು. ಹೊಟ್ಟೆ ಎಂದರೆ ಉಂಡುಟ್ಟ ಮನೆತನದ ಗುರುತು.

ನನಗೂ ಅದು ಭಾರವೆನಿಸಿರಲಿಲ್ಲ. ಮದುವೆಯಾದ ವರ್ಷ ನಾಗರಪಂಚಮಿಗೆಂದು ಹೆಂಡತಿಯ ತವರಾದ ಧಾರವಾಡಕ್ಕೆ ಹೋದಾಗ ಅದರ ಭಾರ ಗೊತ್ತಾಯಿತು.

ಪಂಚಮಿ ಎಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಗುಂಡು ಎತ್ತುವ ಆಟ. ದುಂಡನೆಯ ಆ ಕಲ್ಲನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿ ಬೆನ್ನ ಹಿಂದಕ್ಕೆ ಒಗೆಯಬೇಕು. ಹೊಸ ಅಳಿಯ ಬಂದರೆ ಆ ಓಣಿಯವರು ಬಿಡುವವರಲ್ಲ.

“ಬರ್ರಿ ಅಳ್ಯಾರ, ಹುಬ್ಬಳ್ಳಿ ತಾಲೀಮು ಎಷ್ಟರದು ಅಂತ ನೋಡೂಣು.”

ಕಲ್ಲು ತೊಡೆಗೇನೋ ಬಂತು. ಅಲ್ಲಿಂದ ಎದೆಗೆ ಹೋಗುವ ದಾರಿಯಲ್ಲಿ ನನ್ನ ಹೊಟ್ಟೆಯೇ ಅಡ್ಡ ಕೂತಿತ್ತು. ಅದರ ಮೇಲೆ ಒಂದು ಗಳಿಗೆ ತೂಗಾಡಿದ ಗುಂಡು ಧಪ್ಪೆಂದು ನನ್ನ ಕಾಲ ಮುಂದೆಯೇ ಬಿತ್ತು. ನಮ್ಮ ಕಡೆ ಅಕ್ಕನ ಗಂಡನಿಗೂ ಮಾವ ಎನ್ನುವುದು ರೂಢಿ. ನನ್ನ ಹೆಂಡತಿಯ ತಮ್ಮ ಕಿರುಚಿದ: “ಮಾವಾರ, ಗುಂಡಿನ ಮ್ಯಾಲ ಗುಂಡು ಕುಂದ್ರೂದಿಲ್ರಿ!”

ಓಣಿಗೆ ಓಣಿಯೇ ನಕ್ಕಿತು. ಉಂಡಿಯ ತಾಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ನನ್ನಾಕೆ ನಗಲಿಲ್ಲ. ಒಳಗೆ ಹೋದಳು. ತಿರುಗಿ ಬರುವಾಗ ರೈಲಿನಲ್ಲಿ ಬುತ್ತಿ ಬಿಚ್ಚುತ್ತ, “ನಾನೇನು ಕಲ್ಲಿನ ಕೂಡ ಲಗ್ನ ಆಗೇನೇನ್ರಿ? ಬಿಡ್ರಿ” ಎಂದಳು. ಆ ನಗುವಿಗಿಂತ ಈ ಸಮಾಧಾನವೇ ನನಗೆ ಹೆಚ್ಚು ಚುಚ್ಚಿತು. ಆಕೆಯ ಕಣ್ಣೆದುರಿಗೇ ಆ ಕಲ್ಲನ್ನು ಎತ್ತಬೇಕು ಎಂಬ ಹಟ ಅಂದೇ ಹುಟ್ಟಿತು. ಆದರೆ ಆಕೆ ಬಡಿಸುತ್ತಿದ್ದರೆ ಬೇಡವೆನ್ನಲು ಯಾರಿಗೆ ಸಾಧ್ಯ?

ಯುಗಾದಿ ಆದ ಮೇಲೆ ಆಕೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಧಾರವಾಡವೇನು ದೂರವಲ್ಲ. ಆದರೆ ಕರೆಯದೆ ಅಳಿಯ ಆ ಕಡೆ ಸುಳಿದರೆ ಹಿರಿಯರು ಆಡಿಕೊಳ್ಳುತ್ತಿದ್ದರು. ಅಡಿಗೆಮನೆಯಲ್ಲಿ ಬಳೆಯ ಸಪ್ಪಳವಿಲ್ಲ, ಗೂಟದ ಮೇಲೆ ಆಕೆಯ ಸೀರೆಯಿಲ್ಲ. ಹೊಟ್ಟೆ ಇಳಿಸಲು ಇದೇ ಹೊತ್ತು ಎಂದು ಉಪವಾಸ ಹಿಡಿದೆ; ಬರೀ ಮಜ್ಜಿಗೆ. ತಿಂಗಳೊಳಗೆ ಧೋತರದ ಗಂಟು ಸಡಿಲಾಯಿತು. ಅಂಗಡಿಯ ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನಪಾ, ಹೇಂತಿ ಧಾರವಾಡಕ್ಕ ಹೋಗೂ ಮುಂದ ನಿನ್ನ ಹೊಟ್ಟಿನೂ ಗಂಟು ಕಟಗೊಂಡು ಒಯ್ದಳೇನು?” ಎಂದರು.

ಬೀಗುತ್ತ ತಾಲೀಮಿಗೆ ಹೋಗಿ ಅಲ್ಲಿಯ ಗುಂಡುಕಲ್ಲಿಗೆ ಕೈ ಹಾಕಿದೆ. ಅದು ಮೊಳಕಾಲನ್ನೂ ದಾಟಲಿಲ್ಲ. ನಮಗೆ ಕುಸ್ತಿ ಕಲಿಸಿದ ವಸ್ತಾದರು ನನ್ನ ರಟ್ಟೆ ಹಿಚುಕಿ ನೋಡಿದರು.

“ಇದ ಕರಗಿದ್ದಲ್ಲೋ ಮಗನ, ಸೊರಗಿದ್ದು. ತುಪ್ಪ ಕರಗ್ತದ, ಬಳ್ಳಿ ಸೊರಗ್ತದ. ಹೊಟ್ಟಿ ಇಳಸಾಕ ಹೋಗಿ ಕಸುವೂ ಇಳಿಸಿ ಬಂದಿಯಲ್ಲ!”

“ಮತ್ತ ಏನ ಮಾಡ್ಲಿರಿ?”

“ಉಣ್ಣು. ಉಂಡದ್ದಕ್ಕ ಕೆಲಸಾ ಕೊಡು. ಏನ ಬಿಟ್ರೂ ಕಲ್ಲು ಬಿಡಬ್ಯಾಡ.”

ಮಿರ್ಚಿ, ಉಂಡಿ, ಸಕ್ಕರೆಯ ಚಹಾ ಇವೆಲ್ಲ ಬಂದ್ ಆದವು. ಬೆಳಿಗ್ಗೆ ನೆನೆಸಿದ ಕಡಲೆ, ಹಾಲು. ಮಧ್ಯಾಹ್ನ ಹೊಟ್ಟೆ ಬಿರಿಯದಷ್ಟು ರೊಟ್ಟಿ, ಬಟ್ಟಲ ತುಂಬ ಕಾಳುಪಲ್ಯ. ಸಂಜೆ ತಾಲೀಮಿನಲ್ಲಿ ಸಣ್ಣ ಗುಂಡಿನಿಂದ ಸುರು ಮಾಡಿ ಒಂದೊಂದೇ ದೊಡ್ಡದಕ್ಕೆ ಕೈ ಹಾಕುವುದು. ಈ ಸಲ ಹೊಟ್ಟೆ ಅವಸರವಿಲ್ಲದೆ ಇಳಿಯಿತು. ರಟ್ಟೆ ಇದ್ದಲ್ಲಿಯೇ ಇತ್ತು. ಅವ್ವನಿಗೆ ಇದೆಲ್ಲ ತಿಳಿಯದು. ಪಲ್ಯದಲ್ಲಿ ಕದ್ದು ತುಪ್ಪ ಹಾಕುತ್ತ, “ಆಕಿ ನೆನಪು ಭಾಳ ಕಾಡಾಕತ್ತೇತೇನೋ ತಮ್ಮಾ?” ಎಂದು ಕೇಳುತ್ತಿದ್ದಳು. ತಾಲೀಮು ಮುಗಿಸಿ ಸ್ಟೇಶನ್ನಿನ ಮೇಲೆ ಹಾಯ್ದು ಬರುವುದು ನನ್ನ ದಾರಿಯೇ ಅಲ್ಲ. ಆದರೂ ಹೋಗಿ, ಧಾರವಾಡದ ಗಾಡಿ ಹೊರಟು ಅದರ ಹೊಗೆ ಚದುರುವ ತನಕ ನಿಂತು ಬರುತ್ತಿದ್ದೆ.

ಶ್ರಾವಣಕ್ಕೆ ಮುಂಚೆ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯವನ್ನು ಪಂಚಮಿಗೇ ಇಟ್ಟುಕೊಂಡು ಕರೆ ಕಳಿಸಿದರು.

ಅದೇ ಓಣಿ, ಅದೇ ಕಲ್ಲು. “ಮಾವಾರ, ಈ ಸಲಾನೂ ನಗಸ್ತೀರೇನ್ರಿ?” ಎಂದ ಹೆಂಡತಿಯ ತಮ್ಮ. ಗುಂಡು ತೊಡೆಗೆ ಬಂತು. ಬರಿಯ ಮೈಗೆ ಉಜ್ಜಿಕೊಂಡು ಎದೆಗೇರಿತು, ಹೆಗಲಿಗೇರಿತು. ಹಿಂದಕ್ಕೆ ಒಗೆದೆ. ನೆಲ ಗುಮ್ಮೆಂದಿತು. ಕೇಕೆ ಹಾಕುವವರ ನಡುವೆ ನಾನು ತಿರುಗಿ ನೋಡಿದ್ದು ಹೊಸ್ತಿಲ ಕಡೆಗೆ.

ಹೊಸ್ತಿಲು ಬರಿದಾಗಿತ್ತು. ಬಾಣಂತಿ ಗಾಳಿಗೆ ಹೊರಗೆ ಬರುವುದುಂಟೆ? ಅಷ್ಟು ದಿನ ಅಷ್ಟೆಲ್ಲ ಲೆಕ್ಕ ಹಾಕಿದವನಿಗೆ ಇದೊಂದು ಹೊಳೆದಿರಲಿಲ್ಲ.

ಅತ್ತೆಯವರು ಏನೋ ನೆವ ಮಾಡಿಕೊಂಡು ಹಿತ್ತಲಿಗೆ ಹೋದರು. ನಾನು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಮಗ್ಗುಲಲ್ಲಿ ಕೂಸು ಹಾಕಿಕೊಂಡು ಆಕೆ ಕೂತಿದ್ದಳು.

“ಈ ಸಲ ಹಿಂದ ಬಿತ್ತಲ್ರಿ?” ಎಂದಳು. “ಸಪ್ಪಳಾನ ಬ್ಯಾರೆ ಇತ್ತು.”

ನಾನು ಒಂದು ಹೆಜ್ಜೆ ಬೆಳಕಿಗೆ ಬಂದೆ. ಆಕೆಯ ನಗು ಅಲ್ಲಿಯೇ ನಿಂತಿತು.

“ಅಯ್ಯ, ಇದೇನ್ರಿ, ಎಷ್ಟು ಸೊರಗೀರಿ! ನಾ ಇಲ್ಲಂತ ಉಣ್ಣೂದ ಬಿಟ್ರೇನು?”

ಕರಗಿದ್ದು, ಸೊರಗಿದ್ದಲ್ಲ ಎಂದು ವಸ್ತಾದರ ಮಾತನ್ನು ಹೇಳಲು ಬಾಯಿ ತೆರೆದೆ. ಆಕೆಯ ಕಣ್ಣು ತುಂಬಿತ್ತು. “ಹೌದು” ಎಂದೆ. ಹಾಗೆಂದಾಗ ಅದು ಸುಳ್ಳೆಂದು ನನಗೂ ಅನಿಸಲಿಲ್ಲ.

ದಿಂಬಿನ ಕೆಳಗಿನಿಂದ ತನಗೆಂದು ಕೊಟ್ಟ ಅಂಟಿನ ಉಂಡಿ ತೆಗೆದು ಮುರಿದಳು. “ಲಗೂ ತಿನ್ರಿ, ಅವ್ವ ಬಂದಾಳು.” ತಿಂಗಳುಗಟ್ಟಲೆ ಸಿಹಿ ಮುಟ್ಟದವನು ಅರ್ಧ ಉಂಡಿ ತಿಂದೆ. ಉಳಿದರ್ಧ ಆಕೆ ತಿಂದಳು.

ಈಗ ವಯಸ್ಸಿಗೆ ಮೈ ತಾನಾಗಿಯೇ ಇಳಿದಿದೆ. ಕಂಡವರೆಲ್ಲ, ಹಗುರಾದಿರಿ, ಛಲೋ ಆಯಿತು ಎನ್ನುತ್ತಾರೆ. ಸೊರಗೀರಿ ಎನ್ನುವವಳು ಹೋಗಿ ವರ್ಷಗಳಾದವು. ಪಂಚಮಿಗೆ ಸೊಸೆ ಉಂಡಿ ಕೊಟ್ಟರೆ ಕೈ ಅದನ್ನು ತಾನೇ ಎರಡು ಹೋಳು ಮಾಡುತ್ತದೆ. ಒಂದನ್ನು ತಿನ್ನುತ್ತೇನೆ. ಇನ್ನೊಂದು ತಾಟಿನಲ್ಲಿ ಇರುತ್ತದೆ. ಸೊಸೆ ಅದನ್ನು ತೆಗೆಯುವುದಿಲ್ಲ.